ಎರಡು ಗ್ಯಾಲಕ್ಸಿಗಳು ನಿಜವಾಗಿ ಡಿಕ್ಕಿಯಾಗುತ್ತಿವೆಯಾ? ಫೋಟೊ ನೋಡಿ ಗುರುತಿಸುವುದು ಹೀಗೆ

‘ಗ್ಯಾಲಕ್ಸಿಗಳ ಡಿಕ್ಕಿ’ ಎಂಬ ಫೋಟೊಗಳಿಗೆ ಇಂಟರ್‌ನೆಟ್‌ನಲ್ಲಿ ಬರವಿಲ್ಲ. ಆದರೆ ಒಂದರ ಮೇಲೊಂದು ಕಂಡ ಮಾತ್ರಕ್ಕೆ ಡಿಕ್ಕಿ ಅನ್ನುವಂತಿಲ್ಲ, ಅಲ್ವಾ? ಒಂದು ಎಷ್ಟೋ ಹಿಂದೆ ಇರಬಹುದು.

ಅಭ್ಯಾಸಕ್ಕೆ ಹಬಲ್ ಬಾಹ್ಯಾಕಾಶ ದೂರದರ್ಶಕ ತೆಗೆದ ಎನ್‌ಜಿಸಿ 2207 ಮತ್ತು ಐಸಿ 2163 ಗ್ಯಾಲಕ್ಸಿ ಜೋಡಿಯ ಫೋಟೊ ಹುಡುಕಿ (ಎನ್‌ಜಿಸಿ, ಐಸಿ ಅಂದರೆ ಆಕಾಶಕಾಯಗಳ ಪಟ್ಟಿಗಳ ಹೆಸರು). ನಾಸಾ ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತದೆ. ದೊಡ್ಡ ಸೈಜಿನದನ್ನೇ ಇಳಿಸಿಕೊಳ್ಳಿ, ವಾಟ್ಸ್‌ಆ್ಯಪ್‌ನಲ್ಲಿ ಬಂದದ್ದು ಬೇಡ. ಎಡಗಡೆಯ ದೊಡ್ಡ ಸುರುಳಿ 2207, ಬಲಗಡೆಯ ಚಿಕ್ಕದು 2163.

ಮೊದಲು ಧೂಳು ನೋಡಿ. 2207ರ ಕಪ್ಪು ಧೂಳಿನ ಪಟ್ಟೆಗಳು 2163ರ ಬೆಳಕಿಗೆ ಅಡ್ಡ ಬಂದಿವೆ. ಹಾಗಾಗಿ 2207 ಮುಂದಿದೆ. ಎಷ್ಟು ಮುಂದೆ ಅನ್ನುವುದು ಮಾತ್ರ ಇದರಿಂದ ಗೊತ್ತಾಗದು.

ಆಮೇಲೆ ಆಕಾರ. ಜಾಸ್ತಿ ಹೊತ್ತು ಇಲ್ಲೇ ಕಳೆಯಿರಿ. 2163ರಿಂದ ಬಲಕ್ಕೆ ನಕ್ಷತ್ರ ಮತ್ತು ಅನಿಲದ ಬಾಲ ಸುಮಾರು 1 ಲಕ್ಷ ಜ್ಯೋತಿರ್ವರ್ಷ ದೂರ ಚಾಚಿದೆ. ಪಕ್ಕದ ಗ್ಯಾಲಕ್ಸಿಯ ಗುರುತ್ವ ಹತ್ತಿರದ ಬದಿಯನ್ನು ಹೆಚ್ಚು, ದೂರದ ಬದಿಯನ್ನು ಕಡಿಮೆ ಎಳೆಯುತ್ತದೆ. ಚಂದ್ರನಿಂದ ಸಮುದ್ರ ಉಬ್ಬುವುದೂ ಹೀಗೆಯೇ. ಈ ಎಳೆತವೊಂದೇ ಇಂಥ ಬಾಲಗಳನ್ನು ಹುಟ್ಟಿಸಬಲ್ಲದು ಎಂದು 1972ರಲ್ಲಿ ಅಲಾರ್ ಮತ್ತು ಯೂರಿ ಟೂಮ್ರೆ ಎಂಬ ವಿಜ್ಞಾನಿ ಸಹೋದರರು ಕಂಪ್ಯೂಟರ್ ಲೆಕ್ಕದಿಂದ ತೋರಿಸಿದರು. ನನ್ನನ್ನು ಕೇಳಿದರೆ, ಬಾಲ ಸಿಕ್ಕಿತೆಂದರೆ ಅರ್ಧ ಕೇಸು ಮುಗಿದಂತೆ.

ಹೋಲಿಸಲು ಎನ್‌ಜಿಸಿ 3314 ನೋಡಿ. ಎರಡು ಸುರುಳಿಗಳು ಒಂದರ ಮೇಲೊಂದು ಸರಿಯಾಗಿ ಕೂತಿವೆ. ಆದರೆ ಪರಸ್ಪರ ಎಳೆದಾಡಿದ ಗುರುತಿಲ್ಲ. ಒಂದು ಸುಮಾರು 11.7 ಕೋಟಿ, ಇನ್ನೊಂದು 14 ಕೋಟಿ ಜ್ಯೋತಿರ್ವರ್ಷ ದೂರದಲ್ಲಿದೆ. ಸುಮ್ನೆ ಒಂದೇ ಸಾಲಿಗೆ ಬಂದಿವೆ, ಅಷ್ಟೇ.

ಬಣ್ಣವನ್ನು ತುಂಬಾ ನಂಬಬೇಡಿ. ಎಳೆಯ ನಕ್ಷತ್ರಗಳ ನೀಲಿ ಗೊಂಚಲು ಒಂಟಿ ಸುರುಳಿಗಳಲ್ಲೂ ಇರುತ್ತದೆ. ಜೇಮ್ಸ್ ವೆಬ್ ಬಾಹ್ಯಾಕಾಶ ದೂರದರ್ಶಕದ ಚಿತ್ರಗಳಲ್ಲಂತೂ ಕಣ್ಣಿಗೆ ಕಾಣದ ಅವಕೆಂಪು ಬೆಳಕಿಗೆ ಆಮೇಲೆ ಬಣ್ಣ ಕೊಟ್ಟಿರುತ್ತಾರೆ.

ಕೊನೆಗೆ ವೇಗ. ‘ನೆಡ್’ (NED) ಎಂಬ ಗ್ಯಾಲಕ್ಸಿ ಮಾಹಿತಿಯ ಉಚಿತ ತಾಣದಲ್ಲಿ ಹೆಸರು ಹಾಕಿದರೆ ಗ್ಯಾಲಕ್ಸಿ ನಮ್ಮಿಂದ ದೂರ ಸರಿಯುವ ವೇಗ ಸಿಗುತ್ತದೆ. ನಮ್ಮ ಜೋಡಿಯಲ್ಲಿ ಎರಡರದ್ದೂ ಸೆಕೆಂಡಿಗೆ ಸುಮಾರು 2,700 ಕಿ.ಮೀ. ಗ್ಯಾಲಕ್ಸಿ ದೂರವಿದ್ದಷ್ಟೂ ಈ ವೇಗ ಹೆಚ್ಚು; ಹಾಗಾಗಿ ವೇಗ ಹೆಚ್ಚುಕಡಿಮೆ ಒಂದೇ ಅಂದರೆ ಜೊತೆಯಲ್ಲೇ ಇವೆ.

ಎರಡೂ ಗ್ಯಾಲಕ್ಸಿಗಳ ನಡುಭಾಗಗಳು ಬೇರೆಬೇರೆಯಾಗಿ ಹೊಳೆಯುತ್ತಿದ್ದು, ಸುರುಳಿ ತೋಳುಗಳು ಇನ್ನೂ ಚದುರಿಲ್ಲದಿದ್ದರೆ ಅದು ವಿಲೀನದ ಆರಂಭದ ಹಂತ. 2207 ಮತ್ತು 2163ರಲ್ಲಿ ಆಗಿರುವುದು ಅಷ್ಟೇ.

ಇಷ್ಟು ಬಂದ ಮೇಲೆ ಕನ್ಯಾ ರಾಶಿಯ ದಿಕ್ಕಿನ ಎನ್‌ಜಿಸಿ 4567 ಮತ್ತು 4568 ಜೋಡಿಗೆ ಕೈ ಹಾಕಿ. ಎದ್ದು ಕಾಣುವ ಬಾಲವಿಲ್ಲ, ಆದರೆ ವೇಗ ಬಹುತೇಕ ಒಂದೇ. ಇವು ಈಗಷ್ಟೇ ತಾಗಿವೆ. ಒಂದಾಗಲು ಇನ್ನೂ ಸುಮಾರು 50 ಕೋಟಿ ವರ್ಷ ಬೇಕು.