ಮಾಂದು ಒಡೆಯಬಾರದೇ? ಮೊದಲು ನೀರು ಹಿಂಡಿ

ಕೊರಿಯಾದಲ್ಲಿ ಸೊಲ್ಲಾಲ್ ಎಂದರೆ ಚಾಂದ್ರಮಾನ ಹೊಸ ವರ್ಷ. ಅವತ್ತು ಬೆಳಿಗ್ಗೆ ಬಿಸಿ ಸಾರಿನ ಬಟ್ಟಲು ಇರಲೇಬೇಕು. ದಕ್ಷಿಣದವರು ಅದಕ್ಕೆ ಬಿಲ್ಲೆಯಂತೆ ಹೆಚ್ಚಿದ ತೊಕ್, ಅಂದರೆ ಅಕ್ಕಿ ಹಿಟ್ಟಿನ ಕಡುಬು ಹಾಕುತ್ತಾರೆ. ಉತ್ತರದ ಪ್ಯೊಂಗ್‌ಯಾಂಗ್ ಕಡೆ ಅಕ್ಕಿ ಬೆಳೆಯುವುದು ಕಡಿಮೆ. ಅಲ್ಲಿ ಸಾರಿನೊಳಗೆ ಕೂರುವುದು ಮಾಂದು, ಅಂದರೆ ಹೂರಣ ತುಂಬಿದ ಮೈದಾ ಕಡುಬು, ಅದೂ ಕೈತುಂಬುವಷ್ಟು ದೊಡ್ಡದು. ದಕ್ಷಿಣ ಕೊರಿಯಾದ ರಾಜಧಾನಿ ಸೋಲ್‌ನ ಮನೆಗಳಲ್ಲಿ ಎರಡನ್ನೂ ಸೇರಿಸುತ್ತಾರೆ.

ಕಣಕ ಸುಲಭ. 250 ಗ್ರಾಂ ಮೈದಾ, ಅರ್ಧ ಚಮಚ ಉಪ್ಪು, ಸುಮಾರು 130 ಮಿ.ಲೀ. ಬೆಚ್ಚಗಿನ ನೀರು. ಸ್ವಲ್ಪ ಗಟ್ಟಿಯಾಗಿಯೇ ನಾದಿ, ಒದ್ದೆ ಬಟ್ಟೆ ಮುಚ್ಚಿ ಅರ್ಧ ಗಂಟೆ ಬಿಡಿ.

ಮಾಂದುವಿನ ಜೀವ ಇರುವುದು ಹೂರಣದಲ್ಲಿ. ಚೆನ್ನಾಗಿ ಹುಳಿ ಬಂದ ಕಿಮ್ಚಿ (ಖಾರ ಹಾಕಿ ಹುಳಿ ಬರಿಸಿದ ಕೋಸು) 200 ಗ್ರಾಂ, ತೋಫು (ಸೋಯಾ ಹಾಲಿನ ಪನೀರ್) 200 ಗ್ರಾಂ, ಹಂದಿ ಅಥವಾ ಕೋಳಿಯ ಕೈಮಾ 200 ಗ್ರಾಂ. ಜೊತೆಗೆ ಒಂದು ಹಿಡಿ ಹೆಸರುಕಾಳಿನ ಮೊಳಕೆ, ಬೆರಳುದ್ದ ಬೆಳೆದ ಬಿಳಿ ಮೊಳಕೆಯೇ ಆಗಬೇಕು. ಅದನ್ನು ಕುದಿನೀರಲ್ಲಿ ಎರಡು ನಿಮಿಷ ಬೇಯಿಸಿ. ಗೆಣಸಿನ ಪಿಷ್ಟದ ಶ್ಯಾವಿಗೆ ದಾಂಗ್‌ಮ್ಯೊನ್ ಸಿಕ್ಕರೆ ಬೇಯಿಸಿ, ಸಣ್ಣಗೆ ಹೆಚ್ಚಿ ಹಾಕಿ.

ಈಗ ಹಿಂಡುವ ಕೆಲಸ. ದಯವಿಟ್ಟು ಇದನ್ನು ಬಿಡಬೇಡಿ. ಮೊದಲ ಸಲ ನಾನು ಕಿಮ್ಚಿಯನ್ನು ಸುಮ್ನೆ ಹೆಚ್ಚಿ ತುಂಬಿದ್ದೆ. ಅರ್ಧ ಗಂಟೆಯಲ್ಲಿ ಕೆಂಪು ರಸ ಇಳಿದು ಕಣಕ ನೆನೆಯಿತು. ಎತ್ತಿದರೆ ತಳ ತಟ್ಟೆಗೇ ಅಂಟಿತ್ತು. ಈಗ ಕಿಮ್ಚಿ, ತೋಫು, ಮೊಳಕೆ ಮೂರನ್ನೂ ಬೇರೆ ಬೇರೆಯಾಗಿ ತೆಳು ಬಟ್ಟೆಯಲ್ಲಿ ಕಟ್ಟಿ ತಿರುಚುತ್ತೇನೆ. ಕೊನೆಗೆ ತೋಫು ಒಣ ಪನೀರ್ ಪುಡಿಯಂತೆ ಉದುರಬೇಕು. ಆಮೇಲೆ ಬೆಳ್ಳುಳ್ಳಿ, ಈರುಳ್ಳಿ ಸೊಪ್ಪು, ಸೋಯಾ ಸಾಸ್, ಹುರಿದ ಎಳ್ಳಿನ ಎಣ್ಣೆ, ಒಂದು ಮೊಟ್ಟೆ ಹಾಕಿ ಕಲಸಿ.

ಮಾಂಸ ತಿನ್ನದವರು ತೋಫು, ಅಣಬೆ ಜಾಸ್ತಿ ಮಾಡಬಹುದು. ಆದರೆ ಕಿಮ್ಚಿ ಡಬ್ಬಿಯ ಮೇಲಿನ ಬರಹ ಓದಿಯೇ ಕೊಳ್ಳಿ. ಸಾಮಾನ್ಯವಾಗಿ ಅದರಲ್ಲಿ ಉಪ್ಪು ಹಾಕಿದ ಸಿಗಡಿ ಅಥವಾ ಮೀನಿನ ಸಾಸ್ ಇರುತ್ತದೆ.

ಕಣಕವನ್ನು ಪೂರಿಗಿಂತ ತೆಳುವಾಗಿ ಲಟ್ಟಿಸಿ. ಅಂಚು ಇನ್ನೂ ತೆಳು ಇರಲಿ, ಮಡಿಸಿದಾಗ ಅಲ್ಲಿ ಎರಡು ಪದರ ಆಗುತ್ತದಲ್ವಾ? ನಡುವೆ ಒಂದು ಚಮಚ ಹೂರಣ ಇಟ್ಟು, ಅಂಚಿಗೆ ನೀರು ಸವರಿ, ಗಾಳಿ ಹೊರಗೆ ಒತ್ತುತ್ತಾ ಅರ್ಧಚಂದ್ರವಾಗಿ ಮುಚ್ಚಿ. ಎರಡು ತುದಿಗಳನ್ನು ಹಿಂದಕ್ಕೆ ತಂದು ಅಂಟಿಸಿದರೆ ಪುಟ್ಟ ಟೋಪಿಯಂತೆ ಕೂರುತ್ತದೆ.

ಹಬೆಯಲ್ಲಾದರೆ 12 ನಿಮಿಷ, ಇಡ್ಲಿ ಪಾತ್ರೆ ಸಾಕು. ತಳಕ್ಕೆ ಕೋಸಿನ ಎಲೆ ಹಾಸಿ. ಗುನ್‌ಮಾಂದು, ಅಂದರೆ ಕಾವಲಿಯಲ್ಲಿ ಹುರಿದದ್ದು ಬೇಕಿದ್ದರೆ ಕಾವಲಿಗೆ ಎಣ್ಣೆ ಬಿಟ್ಟು ತಳ ಕೆಂಪಾಗಿಸಿ, ಕಾಲು ಲೋಟ ನೀರು ಹಾಕಿ ಮುಚ್ಚಿ. ಐದಾರು ನಿಮಿಷದ ನಂತರ ಮುಚ್ಚಳ ತೆಗೆದು ನೀರು ಆರಿಸಿ. ಚೊರಗುಟ್ಟುವ ಸದ್ದು ಚಿಟಪಟಕ್ಕೆ ತಿರುಗಿದಾಗ ತಳ ಗರಿಯಾಗಿರುತ್ತದೆ. ನಂಚಿಕೊಳ್ಳಲು ಸೋಯಾ ಸಾಸ್, ವಿನೆಗರ್, ಚಿಟಿಕೆ ಮೆಣಸಿನಪುಡಿ.

ಮಳೆಯ ಸಂಜೆಗೆ ನನಗೆ ಮಾಂದುಗುಕ್, ಅಂದರೆ ಸಾರಿನಲ್ಲಿ ಬೇಯಿಸಿದ ಮಾಂದುವೇ ಇಷ್ಟ. ಒಣ ನೆತ್ತಲಿ ಮೀನು ಮತ್ತು ಕಡಲ ಪಾಚಿ ಕುದಿಸಿ ಸೋಸಿದ ಸಾರು, ಅಥವಾ ದನದ ಮಾಂಸದ ಸಾರು. ಬೆಳ್ಳುಳ್ಳಿ, ಸೋಯಾ ಸಾಸ್ ಹಾಕಿ ಕುದಿ ಬಂದಾಗ ಮಾಂದು ಬಿಡಿ. ತೇಲಿ ಬಂದ ಮೇಲೂ ಎರಡು ಮೂರು ನಿಮಿಷ ಬೇಯಲಿ. ಕೊನೆಗೆ ಕದಡಿದ ಮೊಟ್ಟೆಯನ್ನು ಎಳೆಯಾಗಿ ಸುರಿದು, ಈರುಳ್ಳಿ ಸೊಪ್ಪು ಉದುರಿಸಿ.

ಉಳಿದ ಮಾಂದುಗಳನ್ನು ಒಂದಕ್ಕೊಂದು ತಾಗದಂತೆ ತಟ್ಟೆಯಲ್ಲಿಟ್ಟು ಫ್ರೀಜರ್‌ಗೆ ಹಾಕಿ. ಗಟ್ಟಿಯಾದ ಮೇಲೆ ಚೀಲಕ್ಕೆ ತುಂಬಿ. ಬೇಕಾದಾಗ ಕರಗಿಸದೆ, ನೇರ ಕುದಿಯುವ ಸಾರಿಗೆ ಬಿಡಿ.