ಚಮಚ, ಸೀಸೆ, ನಿಯಮದ ಹಾಳೆ: ಜೈಲು ಚಿತ್ರಗಳ ಸರಣಿ ನಡೆಸಿದ ನನ್ನ ಅನುಭವ

ಹಳೆಯ ಕಪ್ಪು-ಬಿಳುಪು ಜೈಲು ಚಿತ್ರಗಳನ್ನು ಸಾಲಾಗಿ ಹಾಕಿ, ಅದರಲ್ಲೂ ಹಿನ್ನೆಲೆ ಸಂಗೀತವೇ ಇಲ್ಲದ ಫ್ರೆಂಚ್ ಚಿತ್ರ ಹಾಕಿ, ಜನರನ್ನು ಕೊನೆಯವರೆಗೆ ಕೂರಿಸಲಿಕ್ಕೆ ಆಗುವುದಿಲ್ಲ ಅಂತ ಚಿತ್ರಸಮಾಜದಲ್ಲಿ ಪಳಗಿದವರೇ ಹೇಳಿದ್ದರು. ಆಗುತ್ತದೆ. ಈಗ ನಮ್ಮಲ್ಲಿ ಅಂಥದ್ದೇ ಫ್ರೆಂಚ್ ಚಿತ್ರ ‘ಲೆ ತ್ರು’ ಹಾಕಿದರೆ ಎರಡು ಗಂಟೆಗೂ ಮೇಲ್ಪಟ್ಟು ಒಂದು ಮೊಬೈಲ್ ಹೊತ್ತಿಕೊಳ್ಳುವುದಿಲ್ಲ. ಹೇಗೆ ಅಂತ ಕೇಳುವವರು ಜಾಸ್ತಿಯಾದ್ದರಿಂದ ಬರೆಯುತ್ತಿದ್ದೇನೆ. ಪ್ರೊಜೆಕ್ಟರ್ ಜೋಡಿಸುವುದು, ಪರದೆ ಬಿಗಿಯುವುದು ನಿಮಗೆ ಗೊತ್ತು. ಅದನ್ನು ಬಿಟ್ಟುಬಿಡುತ್ತೇನೆ.

ಸರಣಿಗೆ ‘ಬಂಡಾಯ’ ಅಂತ ಹೆಸರಿಟ್ಟ ಕೂಡಲೇ ಎಲ್ಲರ ಕೈ ಹೋಗುವುದು ದಂಗೆಯ ಚಿತ್ರಗಳ ಕಡೆಗೆ. ಜೂಲ್ಸ್ ಡಾಸಿನ್‌ನ ‘ಬ್ರೂಟ್ ಫೋರ್ಸ್’ (1947), ಡಾನ್ ಸೀಗಲ್‌ನ ‘ರಯಟ್ ಇನ್ ಸೆಲ್ ಬ್ಲಾಕ್ 11’ (1954). ಎರಡೂ ಗಟ್ಟಿ ಚಿತ್ರಗಳು. ಆದರೆ ಇವುಗಳಿಂದ ಶುರು ಮಾಡಿದರೆ ಮೂರನೆಯ ವಾರಕ್ಕೆ ಅರ್ಧ ಕುರ್ಚಿ ಖಾಲಿ. ಕಾರಣ ಸರಳ. ಹಾಲಿವುಡ್‌ನಲ್ಲಿ 1934ರಿಂದ ಪ್ರೊಡಕ್ಷನ್ ಕೋಡ್, ಅಂದರೆ ಚಿತ್ರೋದ್ಯಮ ತಾನೇ ಹಾಕಿಕೊಂಡ ನಿಯಮಾವಳಿ, ಬಿಗಿಯಾಗಿ ಜಾರಿಗೆ ಬಂತು, ಅಪರಾಧಿ ಗೆದ್ದು ಹೋಗುವಂತಿಲ್ಲ ಅನ್ನುವುದು ಅದರ ತಿರುಳು. ಹಾಗಾಗಿ ಆ ಕಾಲದ ಚಿತ್ರದಲ್ಲಿ ಗೋಡೆ ಹಾರಲು ಹೊರಟವನು ಸಾಯಬೇಕು, ಇಲ್ಲವೇ ಸಿಕ್ಕಿಬೀಳಬೇಕು. ಎರಡು ಚಿತ್ರ ನೋಡಿದ ಪ್ರೇಕ್ಷಕ ಮೂರನೆಯದರ ಅಂತ್ಯವನ್ನು ಇಂಟರ್ವಲ್‌ಗೆ ಮೊದಲೇ ಹೇಳಿಬಿಡುತ್ತಾನೆ. ಹೇಳಿದ ಮೇಲೆ ಅವನಿಗೆ ಕೂರುವ ಕೆಲಸವಿಲ್ಲ.

ಕೊನೆಗೆ ಕೈ ಹಿಡಿದ ಸಾಲು ಇದು. ಮೊದಲು 1932ರ ‘ಐ ಆ್ಯಮ್ ಎ ಫ್ಯುಜಿಟಿವ್ ಫ್ರಮ್ ಎ ಚೈನ್ ಗ್ಯಾಂಗ್’. ಕೋಡ್ ಬಿಗಿಯಾಗುವ ಮುಂಚಿನದು, ಹೆಚ್ಚುಕಡಿಮೆ ಒಂದೂವರೆ ಗಂಟೆಯಲ್ಲಿ ಮುಗಿಯುತ್ತದೆ, ಯಾರಿಗೂ ಭಾರವಾಗುವುದಿಲ್ಲ. ಎರಡನೆಯದು ಫ್ರೆಂಚ್ ನಿರ್ದೇಶಕ ರಾಬೇರ್ ಬ್ರೆಸ್ಸಾನ್‌ನ ‘ಎ ಮ್ಯಾನ್ ಎಸ್ಕೇಪ್ಡ್’ (1956). ಮೂರನೆಯದು ‘ಕೂಲ್ ಹ್ಯಾಂಡ್ ಲ್ಯೂಕ್’ (1967). ನಾಲ್ಕನೆಯದು ಜಾಕ್ ಬೆಕರ್‌ನ ‘ಲೆ ತ್ರು’ (1960). ದಂಗೆಯ ಚಿತ್ರಗಳು ಇವೆಲ್ಲ ಆದ ಮೇಲೆ. ಅಮೆರಿಕದ್ದೊಂದು, ಫ್ರಾನ್ಸಿನದೊಂದು ಹೀಗೆ ಹೆಣೆದರೆ ಅಂತ್ಯ ಊಹಿಸುವ ಆಟ ನಿಲ್ಲುತ್ತದೆ. ‘ಎ ಮ್ಯಾನ್ ಎಸ್ಕೇಪ್ಡ್’ ಶೀರ್ಷಿಕೆಯಲ್ಲೇ ಅಂತ್ಯ ಹೇಳಿಬಿಡುವುದರಿಂದ ಎರಡನೆಯ ಜಾಗಕ್ಕೆ ಹೇಳಿ ಮಾಡಿಸಿದ್ದು: ಏನಾಗುತ್ತದೆ ಅನ್ನುವುದು ಹೋಗಿ ಹೇಗೆ ಮಾಡಿದ ಅನ್ನುವುದೊಂದೇ ಉಳಿಯುತ್ತದೆ.

ಸಾಲಿಗಿಂತ ದೊಡ್ಡ ಕೆಲಸ ಮಾಡಿದ್ದು ಹಾಳೆ. ಎ4 ಹಾಳೆಯ ಅರ್ಧ, ನಾಲ್ಕು ಅಂಕಣ: ನಿಯಮ, ವಸ್ತು, ಸದ್ದು, ಬೆಲೆ. ಈ ಜೈಲಿನಲ್ಲಿ ಯಾವ ನಿಯಮ ಇದೆ, ಯಾವ ವಸ್ತುವಿನಿಂದ ಅದನ್ನು ಮುರಿದರು, ಮುರಿಯುವಾಗ ಎದ್ದ ಸದ್ದನ್ನು ಏನು ಮುಚ್ಚಿತು, ಯಾರು ಎಷ್ಟು ತೆತ್ತರು. ಕತ್ತಲಲ್ಲಿ ಬರೆಯಿಸಬೇಡಿ, ಹಾಳೆಯ ಸರಪರ ಸದ್ದು ಕೋಣೆಯನ್ನೇ ಕೆಡಿಸುತ್ತದೆ. ಮೊದಲು ಓದಿಕೊಳ್ಳಲಿ, ದೀಪ ಹಾಕಿದ ಮೇಲೆ ಹತ್ತು ನಿಮಿಷ ಮೌನವಾಗಿ ತುಂಬಲಿ. ಆಮೇಲೆಯೇ ಮಾತು. ಮೊದಲಿಗೇ ಉಪನ್ಯಾಸ ಬೇಡ. ‘ವ್ಯವಸ್ಥೆ’, ‘ಪ್ರತಿರೋಧ’ ಅನ್ನುವ ಪದ ಬಾಯಿಗೆ ಬಂದ ಕೂಡಲೇ ಹಿಂದಿನ ಸಾಲಿನ ಹುಡುಗರು ಚಹಾಕ್ಕೆ ಏಳುತ್ತಾರೆ.

ಹಾಳೆ ಏನು ಹೊರತೆಗೆಯುತ್ತದೆ ನೋಡಿ. ‘ಕೂಲ್ ಹ್ಯಾಂಡ್ ಲ್ಯೂಕ್’ನಲ್ಲಿ ಹೊಸ ಕೈದಿಗಳು ಬಂದ ರಾತ್ರಿಯೇ ಬ್ಯಾರಕ್‌ನ ಮೇಲ್ವಿಚಾರಕ ನಿಯಮಗಳನ್ನು ಒಂದೊಂದಾಗಿ ಒದರುತ್ತಾನೆ, ಪ್ರತಿ ನಿಯಮದ ಕೊನೆಗೂ ಅದೇ ಶಿಕ್ಷೆ, ಡಬ್ಬದಂಥ ಒಂಟಿ ಗೂಡಿನಲ್ಲಿ ಒಂದು ರಾತ್ರಿ. ನಿಯಮದ ಅಂಕಣ, ಬೆಲೆಯ ಅಂಕಣ ಹತ್ತೇ ನಿಮಿಷದಲ್ಲಿ ಅರ್ಧ ತುಂಬುತ್ತದೆ. ಆಮೇಲೆ ಡಾಂಬರು ರಸ್ತೆಯ ದೃಶ್ಯ. ಅಲ್ಲಿ ಲ್ಯೂಕ್ ಯಾವ ನಿಯಮವನ್ನೂ ಮುರಿಯುವುದಿಲ್ಲ. ಹೇಳಿದ ಕೆಲಸವನ್ನೇ ಹೇಳಿದ್ದಕ್ಕಿಂತ ವೇಗವಾಗಿ ಮಾಡುತ್ತಾನೆ, ಉಳಿದವರೂ ಹುಚ್ಚೆದ್ದು ಮರಳು ಚೆಲ್ಲುತ್ತಾರೆ, ಹೊತ್ತು ಮುಳುಗುವ ಮುಂಚೆ ರಸ್ತೆ ಮುಗಿದು ಕಾವಲುಗಾರರಿಗೆ ಏನು ಹೇಳಬೇಕೋ ತಿಳಿಯುವುದಿಲ್ಲ. ಈ ದೃಶ್ಯದ ಎದುರು ನಿಯಮದ ಅಂಕಣ ಖಾಲಿ ಬಿಡಬೇಕಾಗುತ್ತದೆ. ಆ ಖಾಲಿ ಜಾಗದ ಮೇಲೆ ನಡೆಯುವಷ್ಟು ಚರ್ಚೆ, ಲ್ಯೂಕ್ ಒಂದು ಗಂಟೆಯಲ್ಲಿ 50 ಮೊಟ್ಟೆ ತಿನ್ನುವ ಪಂದ್ಯದ ಮೇಲೂ ನಡೆಯುವುದಿಲ್ಲ. ಇನ್ನೊಂದು ಕಡೆ ಗಮನ ಕೊಡಿ: ತಪ್ಪಿಸಿಕೊಂಡು ಸಿಕ್ಕಿಬಿದ್ದು ಮರಳಿ ಬಂದ ಲ್ಯೂಕ್‌ನನ್ನು ಜೊತೆಯವರು ಮುತ್ತಿಕೊಂಡಾಗ ಅವನು ಅವರ ಮೇಲೆಯೇ ಸಿಡುಕುತ್ತಾನೆ, ನನ್ನನ್ನು ತಿಂದು ಬದುಕಬೇಡಿ ಅನ್ನುವ ಅರ್ಥದಲ್ಲಿ. ಬೆಲೆಯ ಅಂಕಣದಲ್ಲಿ ತಮ್ಮ ಹೆಸರನ್ನೂ ಬರೆಯಬೇಕೇನೋ ಅಂತ ಪ್ರೇಕ್ಷಕರಿಗೆ ಅಲ್ಲಿ ಅನ್ನಿಸುತ್ತದೆ. ನಾನು ಬಾಯಿ ಬಿಡಬೇಕಾಗಿಲ್ಲ.

‘ಲೆ ತ್ರು’ ಹಾಳೆಗೆಂದೇ ತೆಗೆದ ಹಾಗಿದೆ. 1947ರಲ್ಲಿ ಪ್ಯಾರಿಸ್ಸಿನ ಲಾ ಸಾಂತೆ ಜೈಲಿನಲ್ಲಿ ನಡೆದ ತಪ್ಪಿಸಿಕೊಳ್ಳುವ ಪ್ರಯತ್ನ, ಅದರಲ್ಲಿ ಭಾಗಿಯಾಗಿದ್ದ ಜೋಸೆ ಜೊವಾನಿ ಬರೆದ ಕಾದಂಬರಿಯೇ ಚಿತ್ರಕ್ಕೆ ಆಧಾರ. ಅದೇ ಪ್ರಯತ್ನದಲ್ಲಿದ್ದ ಇನ್ನೊಬ್ಬ ಚಿತ್ರದಲ್ಲಿ ಜಾನ್ ಕೆರೋಡಿ ಅನ್ನುವ ಹೆಸರಲ್ಲಿ ರೋಲಾನ್‌ನ ಪಾತ್ರ ಮಾಡಿದ್ದಾನೆ, ಶುರುವಿಗೆ ಕ್ಯಾಮೆರಾ ಎದುರು ಬಂದು ಇದು ನನ್ನ ಕಥೆ ಅಂತ ಪರಿಚಯಿಸುವುದೂ ಅವನೇ. ನಿಯಮ: ಹೊರಗಿನಿಂದ ಬಂದ ತಿಂಡಿಯನ್ನು ಕಾವಲುಗಾರ ಒಂದೇ ಚಾಕುವಿನಲ್ಲಿ ಸೀಳಿ ನೋಡುತ್ತಾನೆ. ವಸ್ತು: ಮಂಚದ ಕಬ್ಬಿಣದ ತುಂಡು, ಹಲ್ಲುಜ್ಜುವ ಬ್ರಷ್‌ಗೆ ಕಟ್ಟಿದ ಕನ್ನಡಿ ಚೂರು, ಔಷಧಿ ಸೀಸೆಯ ಮರಳು ಗಡಿಯಾರ, ಹಾಸಿಗೆಯಲ್ಲಿ ಮಲಗಿಸುವ ರಟ್ಟಿನ ಬೊಂಬೆ. ಸದ್ದು: ಜೈಲಿನಲ್ಲಿ ನಡೆಯುತ್ತಿರುವ ದುರಸ್ತಿಯ ಗಲಾಟೆ. ನೆಲ ಒಡೆಯುವ ದೃಶ್ಯ ಹೆಚ್ಚುಕಡಿಮೆ ನಾಲ್ಕು ನಿಮಿಷ ಒಂದೇ ಓಟದಲ್ಲಿ ಸಾಗುತ್ತದೆ. ಒಬ್ಬ ಬಡಿದು ಸುಸ್ತಾದರೆ ಕಬ್ಬಿಣ ಇನ್ನೊಬ್ಬನ ಕೈಗೆ, ಕ್ಯಾಮೆರಾ ಕಾಂಕ್ರೀಟಿನಿಂದ ಕದಲುವುದಿಲ್ಲ. ಇದನ್ನು ಚಿತ್ರ ಮುಗಿದ ಮೇಲೆ ಮತ್ತೆ ಹಾಕುತ್ತೇನೆ, ಒಮ್ಮೆ ಸದ್ದಿನೊಂದಿಗೆ, ಒಮ್ಮೆ ಸದ್ದಿಲ್ಲದೆ. ಸದ್ದು ತೆಗೆದಾಗ ದೃಶ್ಯ ಉದ್ದವೆನಿಸುತ್ತದೆ. ಸದ್ದಿದ್ದಾಗ ಹಾಗೆನಿಸುವುದಿಲ್ಲ, ಯಾಕೆಂದರೆ ಪ್ರತಿ ಏಟಿಗೂ ಬಾಗಿಲ ಆಚೆಯ ಹೆಜ್ಜೆಗೆ ಕಿವಿ ಕೊಡುತ್ತಾ ಕೂತಿರುತ್ತೇವೆ. ಚಿತ್ರದ ಕೊನೆಯ ಭಾಗಕ್ಕೆ ಮೊದಲು ನಾನು ಒಂದು ಕಡೆ ಅರ್ಧ ನಿಮಿಷ ನಿಲ್ಲಿಸಿ ಒಂದೇ ಪ್ರಶ್ನೆ ಕೇಳುತ್ತೇನೆ. ಎಲ್ಲಿ, ಏನು ಅಂತ ಇಲ್ಲಿ ಬರೆಯುವುದಿಲ್ಲ. ಅಷ್ಟು ನನ್ನ ಹತ್ತಿರವೇ ಇರಲಿ.

ಈಗ ಹಣ ಹಾಳಾದ ಜಾಗ: ಸ್ಪೀಕರ್. ಪ್ರೊಜೆಕ್ಟರ್‌ನ ಒಳಗಿರುವ ಸ್ಪೀಕರ್‌ನಲ್ಲಿ ‘ಎ ಮ್ಯಾನ್ ಎಸ್ಕೇಪ್ಡ್’ ಸತ್ತೇಹೋಗುತ್ತದೆ. ಅಲ್ಲಿ ಕಥೆ ನಡೆಸುವುದು ಬಾಗಿಲ ಹಲಗೆಗೆ ಚಮಚ ಉಜ್ಜುವ ಸದ್ದು, ಮಾಳಿಗೆಯ ಜಲ್ಲಿಯ ಮೇಲೆ ಕಾಲಿಡುವಾಗ ದೂರದ ರೈಲು, ಗೋಡೆಗಳ ನಡುವೆ ಸುತ್ತು ಹಾಕುವ ಕಾವಲುಗಾರನ ಸೈಕಲ್ಲಿನ ಕಿರಕಿರ. ಇವು ಫ್ಯಾನ್ ಸದ್ದಿಗಿಂತ ಮೆಲ್ಲಗಿವೆ. ಸೀಲಿಂಗ್ ಫ್ಯಾನ್ ಆರಿಸಿ ತೋರಿಸಬೇಕು. ಹಾಗಾಗಿ ಈ ಚಿತ್ರ ಏಪ್ರಿಲ್-ಮೇನಲ್ಲಿ ಬೇಡ, ಡಿಸೆಂಬರ್-ಜನವರಿಗೆ ಇಡಿ. ಮಳೆಗಾಲವೂ ಆಗದು, ಶೀಟಿನ ಮಾಡಾದರೆ ಮುಗಿದೇ ಹೋಯಿತು. ಪರದೆಯ ಎರಡು ಬದಿಗೆ ಎರಡು ಸ್ಪೀಕರ್ ಇಡುವ ರೂಢಿ ಇದೆಯಲ್ಲ, ಎಲ್ಲ ಸದ್ದೂ ಒಂದೇ ಹಾದಿಯಲ್ಲಿ ಬರುವ ಹಳೆಯ ಮೋನೋ ಚಿತ್ರಕ್ಕೆ ಅದು ಬೇಡ. ಒಂದೇ ಒಳ್ಳೆಯ ಸ್ಪೀಕರ್ ಪರದೆಯ ಕೆಳಗೆ ನಡುಮಧ್ಯೆ, ಕೂತವರ ಕಿವಿಯ ಎತ್ತರಕ್ಕೆ. ಈ ಚಿತ್ರದಲ್ಲಿ ಮೊಜಾರ್ಟ್ ಸಂಗೀತ ಬರುವುದು ಕೆಲವೇ ಕಡೆ, ಕೈದಿಗಳು ಬಕೆಟ್ ಖಾಲಿ ಮಾಡಲು ಅಂಗಳಕ್ಕೆ ಇಳಿಯುವಾಗ. ಅದಕ್ಕೆ ಹೊಂದಿಸಿ ವಾಲ್ಯೂಮ್ ಇಟ್ಟರೆ ಚಮಚ ಕೇಳಿಸುವುದಿಲ್ಲ. ಚಮಚಕ್ಕೆ ಹೊಂದಿಸಿ. ಮೊಜಾರ್ಟ್ ತನ್ನನ್ನು ತಾನು ನೋಡಿಕೊಳ್ಳುತ್ತಾನೆ.

ಖರ್ಚು ನೆನಪಿನಿಂದ ಹೇಳುತ್ತೇನೆ. ಸಭಾಂಗಣ ಅರ್ಧ ದಿನಕ್ಕೆ 3,000ದಿಂದ 3,500, ಪ್ರೊಜೆಕ್ಟರ್-ಸ್ಪೀಕರ್ ಬಾಡಿಗೆ 4,000ದ ಆಸುಪಾಸು. ಇವೆಲ್ಲ ಸಣ್ಣದು. ಸಾರ್ವಜನಿಕ ಪ್ರದರ್ಶನದ ಹಕ್ಕೇ ನಿಜವಾದ ಬಾಬ್ತು. ಅಂಗಡಿಯಲ್ಲಿ ಕೊಂಡ ಡಿಸ್ಕ್ ಮನೆಯಲ್ಲಿ ನೋಡಲಿಕ್ಕೆ ಮಾತ್ರ, ಹತ್ತು ಜನರ ಎದುರು ಹಾಕಿದರೂ ಅನುಮತಿ ಬೇಕು. ಒಂದು ಚಿತ್ರಕ್ಕೆ 10,000ದಿಂದ 20,000ದವರೆಗೂ ಕೇಳಿದ್ದುಂಟು, ಪತ್ರ ವ್ಯವಹಾರಕ್ಕೇ ಎರಡು-ಮೂರು ತಿಂಗಳು. ಒಮ್ಮೆ ಮುಂಗಡ ಕೊಟ್ಟ ಮೇಲೆ ಹಕ್ಕು ತಮ್ಮಲ್ಲಿಲ್ಲ ಅಂತ ಉತ್ತರ ಬಂತು, ಆ ಹಣ ಮರಳಲೇ ಇಲ್ಲ. ಹಕ್ಕು ಯಾವ ದೇಶಕ್ಕೆ, ಯಾವ ಅವಧಿಗೆ, ಕನ್ನಡ ಸಬ್‌ಟೈಟಲ್ ಸೇರಿಸಬಹುದೇ, ಈ ಮೂರನ್ನು ಬರಹದಲ್ಲಿ ಪಡೆಯದೆ ಪೈಸೆ ಬಿಚ್ಚಬೇಡಿ.

ಸಬ್‌ಟೈಟಲ್ ವಿಷಯ. ಇಂಗ್ಲಿಷಿಗೆ ಹೇಳುವ ಸಾಲಿಗೆ 42 ಅಕ್ಷರದ ಲೆಕ್ಕ ಕನ್ನಡಕ್ಕೆ ನಡೆಯುವುದಿಲ್ಲ. 26-28 ಅಕ್ಷರಕ್ಕೆ ನಿಲ್ಲಿಸಿ. ಎರಡು ಸಾಲಿನ ನಡುವೆ ಅಂತರ ಹೆಚ್ಚಿಸದಿದ್ದರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ತಲೆಕಟ್ಟಿಗೆ ಕುಟ್ಟುತ್ತದೆ. ಕಡತವನ್ನು ಬೇರೆಯಾಗಿ ಇಟ್ಟುಕೊಂಡು ಹೋದರೆ ಸಭಾಂಗಣದ ಪ್ಲೇಯರ್ ಒತ್ತುಗಳನ್ನು ಬಿಡಿಬಿಡಿಯಾಗಿ ಒಡೆದು ತೋರಿಸುವ ಅಪಾಯ ಇದ್ದೇ ಇದೆ. ಅನುಮತಿ ಇದ್ದರೆ ಚಿತ್ರದೊಳಗೇ ಅಚ್ಚೊತ್ತಿಬಿಡಿ. ಇನ್ನೊಂದು ಬಲೆ ಫ್ರೇಮ್ ವೇಗ. ಯುರೋಪಿನ ಡಿವಿಡಿ ಸೆಕೆಂಡಿಗೆ 25 ಫ್ರೇಮ್ ಓಡುತ್ತದೆ, ಮೂಲ ಚಿತ್ರ 24. ಡಿವಿಡಿಗೆ ಕೂಡಿಸಿದ ಸಬ್‌ಟೈಟಲ್ ಅನ್ನು 24ರ ಪ್ರತಿಗೆ ಹಾಕಿದರೆ ಮೊದಲ ಒಂದೆರಡು ಸಾಲು ಸರಿ ಅನ್ನಿಸಿ, ‘ಲೆ ತ್ರು’ನಷ್ಟು ಉದ್ದದ ಚಿತ್ರದ ಕೊನೆಗೆ 5 ನಿಮಿಷ ಮುಂದೆ ಓಡಿರುತ್ತದೆ. ಎಲ್ಲ ಸಮಯವನ್ನೂ 25/24ರಿಂದ ಗುಣಿಸಿದರೆ ಸರಿಹೋಗುತ್ತದೆ. ಬ್ರೆಸ್ಸಾನ್ ಚಿತ್ರದಲ್ಲಿ ನಾಯಕ ಫಾಂತೇನ್‌ನ ಹಿನ್ನೆಲೆ ದನಿಯೇ ಹೆಚ್ಚು, ಅದನ್ನು ಸಂಭಾಷಣೆಯಿಂದ ಬೇರೆ ಮಾಡಬೇಕು. ಓರೆ ಅಕ್ಷರ ಕನ್ನಡದಲ್ಲಿ ವಿಕಾರ. ತಿಳಿ ಹಳದಿ ಬಣ್ಣ ಕೊಟ್ಟರೆ ಸಾಕು.

ಅಡ್ಡ ಪ್ರಯೋಗಗಳು ಒಂದೆರಡು. ‘ಲೆ ತ್ರು’ನ ಮರಳು ಗಡಿಯಾರ ಮಾಡಿ ಮೇಜಿನ ಮೇಲಿಡುತ್ತೇನೆ. 100 ಮಿ.ಲೀ.ನ ಎರಡು ಔಷಧಿ ಸೀಸೆ, ಮುಚ್ಚಳಗಳನ್ನು ಬೆನ್ನಿಗೆ ಬೆನ್ನು ಅಂಟಿಸಿ ನಡುವೆ 2 ಮಿ.ಮೀ. ತೂತು. ಎಂ-ಸ್ಯಾಂಡ್ ಉಪಯೋಗವಿಲ್ಲ, ಅದರ ಹರಳು ಚೂಪು, ದೂಳೂ ಜಾಸ್ತಿ, ತೂತಿನಲ್ಲಿ ಕಚ್ಚಿಕೊಳ್ಳುತ್ತದೆ. ಹೊಳೆ ಮರಳನ್ನು ತೆಳು ಬಟ್ಟೆಯಲ್ಲಿ ಜರಡಿ ಹಿಡಿದು ಬಾಣಲೆಯಲ್ಲಿ ಹುರಿದು ತೇವ ತೆಗೆಯಬೇಕು. ಸೀಸೆ ತುಂಬ ತುಂಬಿದರೆ ಏಳು ನಿಮಿಷದ ಹತ್ತಿರ ಬರುತ್ತದೆ. ತೂತು 3 ಮಿ.ಮೀ. ಆದರೆ ಎರಡು-ಎರಡೂವರೆ ನಿಮಿಷಕ್ಕೇ ಖಾಲಿ. ಅಂದರೆ 2 ಮಿ.ಮೀ. ತೂತಿನಲ್ಲೂ ಅರ್ಧ ಗಂಟೆ ಅಳೆಯಬೇಕಾದರೆ ಒಬ್ಬ ನಾಲ್ಕೈದು ಸಲ ತಿರುವಿ ಹಾಕುತ್ತಾ ಎಚ್ಚರ ಇರಬೇಕು. ಇಷ್ಟು ಕೈಯಲ್ಲಿ ಮಾಡಿ ನೋಡಿದವನಿಗೆ, ಐವರಲ್ಲಿ ಒಬ್ಬ ಕೈಕೊಟ್ಟರೆ ಇಡೀ ಯೋಜನೆ ಯಾಕೆ ಕುಸಿಯುತ್ತದೆ ಅಂತ ವಿವರಿಸಬೇಕಾಗಿಲ್ಲ.

ಚಮಚವನ್ನು ಉಳಿಯಾಗಿಸುವುದನ್ನೂ ಮಾಡಿದ್ದೇವೆ. ಫ್ರಾನ್ಸಿನ ಲಿಯೋನ್‌ನ ಮಾಂಲುಕ್ ಜೈಲಿನಿಂದ 1943ರಲ್ಲಿ ತಪ್ಪಿಸಿಕೊಂಡ ಆಂದ್ರೆ ದೆವಿನಿಯ ನೆನಪುಗಳೇ ಬ್ರೆಸ್ಸಾನ್‌ಗೆ ಆಧಾರ, ಫಾಂತೇನ್ ಚಿತ್ರದಲ್ಲಿ ಚಮಚದ ಹಿಡಿಯನ್ನು ಸೆಲ್‌ನ ನೆಲಕ್ಕೇ ಉಜ್ಜಿ ಹರಿತ ಮಾಡುತ್ತಾನೆ. ಈಗಿನ ತೆಳು ಸ್ಟೀಲ್ ಚಮಚ ಕುತ್ತಿಗೆಯಲ್ಲೇ ಬಾಗುತ್ತದೆ. ಹಳೆಯ ದಪ್ಪ ಚಮಚ ಒರಟು ಸಿಮೆಂಟಿಗೆ ಮುಕ್ಕಾಲು ಗಂಟೆ ಉಜ್ಜಿದರೆ ಅಂಚು ಬರುತ್ತದೆ. ತೇಗಕ್ಕೆ ಅದು ತಾಗುವುದೇ ಇಲ್ಲ, ಪ್ಯಾಕಿಂಗ್ ಹಲಗೆಯ ಸಂದಿಗೆ ಸಾಕು. ಫಾಂತೇನ್‌ಗೂ ದಾರಿ ಸಿಕ್ಕಿದ್ದು ಅಲ್ಲೇ: ಓಕ್ ಹಲಗೆಗಳ ನಡುವಿನ ಜೋಡಣೆ ಮೆದು ಮರದ್ದು.

ಬೆಂಗಳೂರಿನಲ್ಲಿ ಮಾಡುವವರಿಗೆ ಒಂದು ಅನುಕೂಲ ಇದೆ. ಹಳೆಯ ಸೆಂಟ್ರಲ್ ಜೈಲು ಈಗ ಫ್ರೀಡಂ ಪಾರ್ಕ್, ಕಾವಲು ಗೋಪುರ ಮತ್ತು ಬ್ಯಾರಕ್‌ನ ಭಾಗ ಉಳಿದಿವೆ. ಬೆಳಿಗ್ಗೆ ಅಲ್ಲಿ ಗೋಪುರದ ಬುಡದಲ್ಲಿ ನಿಲ್ಲಿಸಿ ಎಲ್ಲೆಲ್ಲಿ ಕಣ್ಣು ತಲುಪುತ್ತದೆ ಅಂತ ನೋಡಿಸಿ, ಸಂಜೆ ಚಿತ್ರ ಹಾಕಿದರೆ ಹಾಳೆ ಬೇರೆಯೇ ಥರ ತುಂಬುತ್ತದೆ.

ನಮ್ಮ ಚಿತ್ರಗಳಲ್ಲಿ ಶಾಂತಾರಾಂ ಅವರ ‘ದೋ ಆಂಖೇ ಬಾರಹ್ ಹಾಥ್’ (1957) ಹಾಳೆಯನ್ನು ತಲೆಕೆಳಗು ಮಾಡಿತು. ಆರು ಕೊಲೆಗಡುಕರನ್ನು ಬಯಲಿಗೆ ಕರೆದೊಯ್ದು ನಂಬಿ ಬಿಡುವ ಜೈಲರ್ ಅಲ್ಲಿದ್ದಾನೆ. ರೂಢಿ ಮುರಿಯುವವನು ಅವನೇ, ಬೆಲೆಯ ಅಂಕಣದಲ್ಲಿ ಬರುವುದೂ ಅವನ ಹೆಸರೇ. ಶಂಕರ್ ನಾಗ್ ಅವರ ‘ಮಿಂಚಿನ ಓಟ’ (1980) ಹಾಕಿದ ದಿನ ಸಭಾಂಗಣ ತುಂಬಿತು, ನಿಂತು ನೋಡಿದರು. ಆದರೆ ಹಾಳೆ ಅರ್ಧ ಜನ ವಾಪಸ್ ಕೊಡಲಿಲ್ಲ, ಮನೆಗೆ ಹೋಗುವ ಖುಷಿಯಲ್ಲಿದ್ದರು. ತಪ್ಪೇನಿಲ್ಲ.

ದಂಗೆಯ ಚಿತ್ರಗಳಿಗೆ ಈಗ ಕೊನೆಯಲ್ಲಿ ಜಾಗ. ‘ರಯಟ್ ಇನ್ ಸೆಲ್ ಬ್ಲಾಕ್ 11’ ಫಾಲ್ಸಮ್ ಜೈಲಿನಲ್ಲೇ ತೆಗೆದದ್ದು, ನಿಜವಾದ ಕೈದಿಗಳೇ ಗುಂಪಿನಲ್ಲಿದ್ದಾರೆ, ನಿರ್ಮಾಪಕ ವಾಲ್ಟರ್ ವ್ಯಾಂಗರ್ ಸ್ವತಃ ಕೆಲವು ತಿಂಗಳು ಜೈಲು ಕಂಡು ಬಂದವನು. ಅಲ್ಲಿ ಕೈದಿಗಳು ಕೇಳುವುದು ಬಿಡುಗಡೆಯನ್ನಲ್ಲ. ಕಿಕ್ಕಿರಿದ ಸೆಲ್, ಮಾನಸಿಕ ಅಸ್ವಸ್ಥರನ್ನು ಎಲ್ಲರೊಡನೆ ತುಂಬುವುದು, ಕೆಲಸವಿಲ್ಲದೆ ಕೊಳೆಯುವುದು, ಇಂಥ ದೂರುಗಳ ಪಟ್ಟಿ ಅದು. ಮೊದಲಿಗೆ ಹಾಕಿದಾಗ ಬೋರು ಅಂದ ಅದೇ ಜನ, ನಾಲ್ಕು ಚಿತ್ರದ ಹಾಳೆ ತುಂಬಿ ಬಂದ ಮೇಲೆ ಆ ಪಟ್ಟಿಯನ್ನು ನಿಯಮದ ಅಂಕಣಕ್ಕೆ ಸಾಲುಸಾಲಾಗಿ ಇಳಿಸಿಕೊಂಡರು. ಮುಂದಿನ ಸುತ್ತಿಗೆ ಸಿಡ್ನಿ ಲುಮೆಟ್‌ನ ‘ದಿ ಹಿಲ್’ (1965) ಹಕ್ಕಿಗೆ ಬರೆದಿದ್ದೇನೆ. ಅದರಲ್ಲೂ ಹಿನ್ನೆಲೆ ಸಂಗೀತ ಇಲ್ಲ, ಆದ್ದರಿಂದ ಜನವರಿಗೇ ಇಡುತ್ತೇನೆ.