ಎಷ್ಟು ಗುಂಟೆ ಟೊಮೆಟೊ? ಅಸಮತೆ ಬರೆದು ಕಂಡುಕೊಂಡ ಲೆಕ್ಕ

ಪಿಯು ಮಕ್ಕಳಿಗೆ ಗಣಿತ ಹೇಳಿಕೊಡುವುದು ನನ್ನ ಕೆಲಸ. ಕೋಲಾರದ ಕಡೆ ಊರಲ್ಲಿರುವ ಎರಡು ಎಕರೆ ನೀರಾವರಿ ಜಮೀನು ತಮ್ಮನ ಉಸ್ತುವಾರಿ. ಬೇಸಿಗೆ ಟೊಮೆಟೊ ನಾಟಿಗೆ ಮುಂಚೆ ಅವನು ಕೇಳಿದ: "ಅಣ್ಣ, ಪಕ್ಕದವರು ಅರ್ಧ ಎಕರೆ ಗುತ್ತಿಗೆಗೆ ಕೊಡ್ತಾರಂತೆ, ಹಿಡ್ಕೊಳ್ಳೋಣವಾ?" ಹೂಂ ಅನ್ನುವ ಮೊದಲು ನಮ್ಮ ಕೈಲಿರುವುದೆಷ್ಟು ಎಂದು ಬರೆಯಲು ಇಬ್ಬರೂ ಕೂತೆವು. ಅದಕ್ಕೆ ಫಸ್ಟ್ ಪಿಯು ಪಾಠದ ರೇಖೀಯ ಅಸಮತೆಗಳೇ ಸಾಕಾದವು. ಬೇಸಾಯದಲ್ಲಿ 'ಸರಿಯಾಗಿ ಇಷ್ಟೇ' ಅನ್ನುವುದು ಅಪರೂಪ. 'ಇದಕ್ಕಿಂತ ಮೀರಬಾರದು', 'ಇದಕ್ಕಿಂತ ಕಮ್ಮಿಯಾಗಬಾರದು' ಅನ್ನುವುದೇ ಎಲ್ಲ.

ಟೊಮೆಟೊ ಹಾಕುವ ಗುಂಟೆಗಳು 'ಟ', ಹಸುಗಳ ಮೇವಿಗೆ ಮುಸುಕಿನ ಜೋಳ ಹಾಕುವ ಗುಂಟೆಗಳು 'ಮ' ಎಂದಿಟ್ಟುಕೊಂಡೆವು. ಜಮೀನಿನ ಮಿತಿ ಸುಲಭ, ಎರಡೂ ಸೇರಿ ಎರಡು ಎಕರೆಯ 80 ಗುಂಟೆ ಮೀರಬಾರದು: ಟ + ಮ ≤ 80.

ನೀರಿಗೆ ಅಳತೆಯೇ ಬೇಕು. 'ನಮ್ಮ ಬೋರಲ್ಲಿ ಎರಡಿಂಚು ನೀರು' ಅನ್ನುವ ಮಾತಿನಿಂದ ಅಸಮತೆ ಬರೆಯಲಾಗದು. 200 ಲೀಟರಿನ ಡ್ರಮ್ಮು ಪೈಪಿನ ಕೆಳಗಿಟ್ಟು, ಮೋಟರು ಗಂಟೆಗಟ್ಟಲೆ ಓಡಿದ ಮೇಲೆ ಸಮಯ ನೋಡಿದೆವು. ಶುರುವಿನ ರಭಸವನ್ನು ನಂಬಬಾರದು. ಡ್ರಮ್ಮು ತುಂಬಲು ಎರಡೂವರೆ ನಿಮಿಷ, ಅಂದರೆ ನಿಮಿಷಕ್ಕೆ 80 ಲೀಟರ್. ತ್ರೀ ಫೇಸ್ ಕರೆಂಟು ಹೆಸರಿಗೆ ಏಳು ಗಂಟೆ. ನಡುವೆ ಹೋಗಿ ಬರುವುದನ್ನು ಕಳೆದು ಆರು ಗಂಟೆ ಹಿಡಿದೆ. ದಿನಕ್ಕೆ 28,800 ಲೀಟರ್.

ಒಂದು ಗುಂಟೆ ಸುಮಾರು 101 ಚದರ ಮೀಟರ್. ಅದರ ಮೇಲೆ ಒಂದು ಮಿಲಿಮೀಟರ್ ನೀರು ನಿಂತರೆ ನೂರು ಲೀಟರ್. ಬೇಸಿಗೆಯಲ್ಲಿ ಡ್ರಿಪ್ಪಿನ ಟೊಮೆಟೊಗೆ ದಿನಕ್ಕೆ 4 ಮಿ.ಮೀ., ಸ್ಪ್ರಿಂಕ್ಲರಿನ ಜೋಳಕ್ಕೆ 6 ಮಿ.ಮೀ. ಎಂದಿಟ್ಟೆವು:

400ಟ + 600ಮ ≤ 28,800, ಅಂದರೆ 2ಟ + 3ಮ ≤ 144.

ಆಳಿನದು ಇನ್ನೊಂದು. ವಾರಕ್ಕೆರಡು ಸಲ ಹಣ್ಣು ಬಿಡಿಸುವಾಗ ಗುಂಟೆಗೆ ವಾರಕ್ಕೆ ಅರ್ಧ ಆಳು, ಮೇವು ಕೊಯ್ಯಲು ಒಂದು ಆಳಿನ ಹತ್ತರಲ್ಲೊಂದು ಪಾಲು. ಮನೆಯವರು, ಕೂಲಿಯವರು ಸೇರಿ ವಾರಕ್ಕೆ ಒಟ್ಟು 30 ಆಳು ಸಿಕ್ಕಾರು: 0.5ಟ + 0.1ಮ ≤ 30, ಅಂದರೆ 5ಟ + ಮ ≤ 300.

ಕೊನೆಯದು ಹಸುಗಳದು. ನಾಲ್ಕು ಸೀಮೆಹಸುಗಳಿಗೆ ದಿನಕ್ಕೆ 100 ಕೆಜಿ ಹಸಿಮೇವು. ಜೋಳ ಕೊಯ್ಲಿಗೆ ಬರಲು 65 ದಿನ, ಗುಂಟೆಗೆ ಸುಮಾರು 360 ಕೆಜಿ. ಕಂತು ಕಂತಾಗಿ ಬಿತ್ತಿದರೂ 18 ಗುಂಟೆ ಬೇಕೇ ಬೇಕು: ಮ ≥ 18. ಡೈರಿಗೆ ಹಾಲು ಹಾಕಿ ಬರುವ ದುಡ್ಡಲ್ಲಿ ಮನೆ ನಡೆಯುವುದರಿಂದ ಈ ಸಾಲನ್ನು ಅಲುಗಾಡಿಸಲು ತಮ್ಮ ಒಪ್ಪಲಿಲ್ಲ, ನಾನೂ ಕೇಳಲಿಲ್ಲ.

ಗ್ರಾಫ್ ಹಾಳೆಯಲ್ಲಿ ಗೆರೆ ಎಳೆದಾಗ ಸಾಧ್ಯವಿರುವ ಜಾಗ ಒಂದು ತ್ರಿಕೋನವಾಯಿತು. ಟೊಮೆಟೊ ಅತಿ ಹೆಚ್ಚಿರುವ ಮೂಲೆ: ಟೊಮೆಟೊ 45, ಮೇವು 18. ಒಟ್ಟು 63 ಗುಂಟೆ. ಜಮೀನಿನ ಗೆರೆಯೂ ಆಳಿನ ಗೆರೆಯೂ ಆ ತ್ರಿಕೋನವನ್ನು ಮುಟ್ಟುವುದೇ ಇಲ್ಲ. ಕಟ್ಟಿಹಾಕಿರುವುದು ನೀರೊಂದೇ. ಇರುವ ನೆಲದಲ್ಲೇ 17 ಗುಂಟೆ ಖಾಲಿ ಬೀಳುವಾಗ ಗುತ್ತಿಗೆ ನೆಲ ಯಾಕೆ?

ಲೆನಿನ್‌ಗ್ರಾಡಿನ ಗಣಿತಜ್ಞ ಲಿಯೊನಿದ್ ಕಾಂಟೊರೊವಿಚ್ 1939ರಲ್ಲಿ ಪ್ಲೈವುಡ್ ಉದ್ಯಮದ ಯಂತ್ರಗಳಿಗೆ ಕೆಲಸ ಹಂಚುವ ಪ್ರಶ್ನೆ ಹಿಡಿದು ಇದೇ ದಾರಿಯಲ್ಲಿ ಹೋದರು. ಪ್ರತಿ ಮಿತಿಗೂ ಒಂದು ಬೆಲೆ ಕಟ್ಟಬಹುದು, ಸಡಿಲವಾಗಿರುವ ಮಿತಿಯ ಬೆಲೆ ಸೊನ್ನೆ ಎಂಬ ವಿಚಾರ ಬೆಳೆದದ್ದು ಅಂಥ ಕೆಲಸದಿಂದ. ನಮಗೆ ಹೆಚ್ಚುವರಿ ನೆಲದ ಬೆಲೆ ಸೊನ್ನೆ. ಆದರೆ ದಿನಕ್ಕೆ ಐದು ನಿಮಿಷ ಹೆಚ್ಚು ಮೋಟರು ಓಡಿದರೆ ಒಂದು ಗುಂಟೆ ಟೊಮೆಟೊ!

ಯಾವ ಮೂಲೆಯಲ್ಲಿ ಲಾಭ ಹೆಚ್ಚೆಂದು ತೋರಿಸುವ ಲಾಭದ ಗೆರೆಯನ್ನು ಬೇಕೆಂದೇ ಎಳೆಯಲಿಲ್ಲ. ಹದಿನೈದು ಕೆಜಿ ಬಾಕ್ಸಿಗೆ ಎಪಿಎಂಸಿಯಲ್ಲಿ ಎಷ್ಟು ಸಿಗುತ್ತದೆ ಎಂದು ನಾಟಿ ಮಾಡುವ ದಿನ ಯಾರೂ ಹೇಳಲಾರರು. ಮಿತಿಗಳು ಮಾತ್ರ ಅಂದೇ ಗೊತ್ತಿರುತ್ತವೆ. ಗೊತ್ತಿರುವುದನ್ನು ಬಿಗಿಯಾಗಿ ಬರೆಯುವುದೇ ನನಗೆ ಮುಖ್ಯ.

ನಿಜವಾದ ಆತಂಕ ಏಪ್ರಿಲ್ ತಿಂಗಳದು. ನೀರು ಇಳಿದು ಡ್ರಮ್ಮು ತುಂಬಲು ಮೂರು ನಿಮಿಷವಾದರೆ? ದಿನಕ್ಕೆ 24,000 ಲೀಟರ್ ಮಾತ್ರ. ಗೆರೆ ಒಳಕ್ಕೆ ಸರಿದು 2ಟ + 3ಮ ≤ 120. ಮೇವು 18 ಇಟ್ಟರೆ ಟೊಮೆಟೊ 33 ಗುಂಟೆಗೆ ಕುಸಿಯುತ್ತದೆ. ಅರ್ಧ ನಿಮಿಷದ ವ್ಯತ್ಯಾಸಕ್ಕೆ ಹನ್ನೆರಡು ಗುಂಟೆ. ತಮ್ಮ ಆ ಅಂಕಿಯನ್ನೇ ನೋಡುತ್ತಾ, "ಮಲ್ಚಿಂಗ್ ಪೇಪರ್ ಹಾಕಿಬಿಟ್ರೆ?" ಎಂದ. ನೆಲದ ತೇವ ಆರದಂತೆ ಗಿಡದ ಬುಡಕ್ಕೆ ಹಾಸುವ ಪ್ಲಾಸ್ಟಿಕ್ ಹಾಳೆ ಅದು. ಹಾಸಿದರೆ ಟೊಮೆಟೊ ಗುಂಟೆಗೆ 300 ಲೀಟರಿನಲ್ಲಿ ಸಾಗುತ್ತದೆ ಎಂಬುದು ಅವನ ಹಿಂದಿನ ಬೆಳೆಯ ಅನುಭವ. ಆಗ 300ಟ + 600ಮ ≤ 24,000. ಟೊಮೆಟೊ 44.

ನೀರು ಇಳಿಯದೆ 28,800 ಲೀಟರೇ ಸಿಕ್ಕರೆ ಇದೇ ಪೇಪರಿನ ಮೇಲೆ 60 ಗುಂಟೆಗೆ ನೀರು ಸಾಲುತ್ತದೆ. ಆದರೆ ಆಳಿನ ಅಸಮತೆ 56ಕ್ಕೇ ತಡೆಯುತ್ತದೆ. ಒಂದು ಮಿತಿ ಸಡಿಲಿಸಿದರೆ ಇನ್ನೊಂದು ಎದುರು ನಿಲ್ಲುವುದನ್ನು ಬೋರ್ಡಿನ ಮೇಲೆ ಎಷ್ಟೋ ಸಲ ತೋರಿಸಿದ್ದೇನೆ. ನಮ್ಮದೇ ಹೊಲದಲ್ಲಿ ಕಂಡಾಗ ಅದರ ತೂಕವೇ ಬೇರೆ.

ಗುತ್ತಿಗೆ ಬೇಡವೆಂದೆವು. ಆ ದುಡ್ಡು ಮಲ್ಚಿಂಗ್ ಪೇಪರಿಗೆ ಹೋಯಿತು. ನಾಟಿ 44 ಗುಂಟೆ, ಮೇವು 18. ಉಳಿದ 18 ಗುಂಟೆ ಉತ್ತು ಬಿಟ್ಟಿದ್ದೇವೆ, ಮುಂಗಾರು ಬಂದ ಮೇಲೆ ರಾಗಿ. ತಿಂಗಳಿಗೊಮ್ಮೆ ತಮ್ಮ ಡ್ರಮ್ಮು ಇಟ್ಟು ಸಮಯ ನೋಡಿ ನನಗೆ ವಾಟ್ಸಾಪ್ ಮಾಡುತ್ತಾನೆ, ನಾನು ನೀರಿನ ಗೆರೆ ತಿದ್ದಿ ಕಳಿಸುತ್ತೇನೆ.